ಆಂಟೆನಾ ಫೀಡ್‌ಲೈನ್ ದೋಷಪತ್ತೆ

ಹವ್ಯಾಸಿ ರೇಡಿಯೋ (ಹ್ಯಾಮ್ ರೇಡಿಯೋ) ನಿಲಯದಲ್ಲಿ ರೇಡಿಯೋ ಯಂತ್ರವನ್ನು ಆಂಟೆನಾಕ್ಕೆ ಜೋಡಿಸುವ ತಂತಿಮಾರ್ಗವನ್ನು ಫೀಡ್‌ಲೈನ್ ಎನ್ನುತ್ತಾರೆ. ಇದಕ್ಕೆ ಸಾಮಾನ್ಯವಾಗಿ 50 ಓಮ್‌ನ ಕೋಆಕ್ಸಿಯಲ್ ಕೇಬಲ್ ಬಳಕೆಯಾಗುತ್ತದೆ. ಇದರ ನಡುವೆ ತಾಮ್ರದ ತಂತಿ, ಅದರ ಸುತ್ತ ಅವಾಹಕ, ಅದರ ಮೇಲೆ ಹೆಣೆದ ತಾಮ್ರದ ಜಾಲರಿ ಹಾಗೂ ಹೊರಗೆ ಪ್ಲಾಸ್ಟಿಕ್ ಹೊದಿಕೆ ಇರುತ್ತವೆ. ನಿಲಯದ ದೋಷಗಳಲ್ಲಿ ಹಲವು ಕೇಬಲಿನ ತುದಿಗಳ ಕನೆಕ್ಟರುಗಳಲ್ಲಿ ಹುಟ್ಟುತ್ತವೆ.

ಕರಾವಳಿಯಲ್ಲಿ ದೋಷದ ಕಾರಣಗಳು

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ ಮತ್ತು ಕುಮಟಾ ಅರಬ್ಬೀ ಸಮುದ್ರದ ದಂಡೆಯಲ್ಲಿವೆ. ಇಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಉಪ್ಪುಗಾಳಿ ಮತ್ತು ತೇವ ಸೇರಿದಾಗ ಲೋಹ ಬೇಗ ಕಿಲುಬು ಹಿಡಿಯುತ್ತದೆ. ಹೆಚ್ಚು ಬಳಕೆಯಲ್ಲಿರುವ ಪಿಎಲ್-259 ಕನೆಕ್ಟರ್ ಜಲನಿರೋಧಕವಲ್ಲ. ಅದರೊಳಗೆ ಸೇರಿದ ನೀರು ಜಾಲರಿಯ ಎಳೆಗಳ ನಡುವೆ, ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ, ಕೇಬಲಿನ ಒಳಕ್ಕೆ ಹರಿಯುತ್ತದೆ. ಹೊರಹೊದಿಕೆ ಚೆನ್ನಾಗಿ ಕಾಣುತ್ತಿದ್ದರೂ ಒಳಗಿನ ಜಾಲರಿ ಕಪ್ಪಾಗಿರಬಹುದು.

ಮಾಪಕದ ಮರೆಮೋಸ

ಆಂಟೆನಾ ಕಡೆಯಿಂದ ಹಿಂದಿರುಗುವ ಶಕ್ತಿಯ ಪ್ರಮಾಣವನ್ನು ಸ್ಥಾಯಿ ತರಂಗ ಅನುಪಾತವು ಸೂಚಿಸುತ್ತದೆ. ಅನುಪಾತ 1 ಆದರ್ಶ. 2 ಆದರೆ ಸುಮಾರು ಶೇ. 11ರಷ್ಟು, 3 ಆದರೆ ಶೇ. 25ರಷ್ಟು ಶಕ್ತಿ ಪ್ರತಿಫಲಿಸುತ್ತದೆ. ಆದರೆ ಕಡಿಮೆ ಅನುಪಾತವು ಕೇಬಲ್ ಚೆನ್ನಾಗಿದೆ ಎಂಬುದಕ್ಕೆ ಪುರಾವೆಯಲ್ಲ. ನೀರು ಕುಡಿದ ಕೇಬಲ್ ಹೋಗುವ ಶಕ್ತಿಯನ್ನೂ ಮರಳುವ ಶಕ್ತಿಯನ್ನೂ ನುಂಗುತ್ತದೆ. ಒಮ್ಮುಖವಾಗಿ 10 ಡೆಸಿಬೆಲ್ ನಷ್ಟವಿರುವ ಕೇಬಲಿನ ತುದಿಯಿಂದ ಆಂಟೆನಾ ಕಳಚಿಬಿದ್ದಿದ್ದರೂ ಯಂತ್ರದ ಬಳಿಯ ಮಾಪಕ ಸುಮಾರು 1.2 ಎಂದು ತೋರಿಸುತ್ತದೆ. ಮಳೆಗಾಲದಲ್ಲಿ ಅನುಪಾತ ತಾನಾಗಿ ಸುಧಾರಿಸಿದ್ದರೆ ಸಂಶಯಪಡುವುದು ಉಚಿತ.

ಪರೀಕ್ಷಾ ಕ್ರಮ

1. ಕೇಬಲಿನ ಎರಡೂ ತುದಿಗಳನ್ನು ಬಿಚ್ಚಿ, ನಡುತಂತಿ ಮತ್ತು ಜಾಲರಿಯ ನಡುವೆ ಮಲ್ಟಿಮೀಟರ್ ಹಿಡಿಯಬೇಕು. ಸಂಪರ್ಕ ಕಂಡುಬಂದರೆ ಎಲ್ಲೋ ಶಾರ್ಟ್ ಆಗಿದೆ. ಕೆಲವು ಆಂಟೆನಾಗಳಲ್ಲಿ ಈ ಸಂಪರ್ಕ ಸಹಜವಾದ್ದರಿಂದ ಆಂಟೆನಾ ಬಿಚ್ಚುವುದು ಕಡ್ಡಾಯ.
2. ದೂರದ ತುದಿಯಲ್ಲಿ ನಡುತಂತಿ ಮತ್ತು ಜಾಲರಿಯನ್ನು ಜೋಡಿಸಿದಾಗ ಮೀಟರ್ ಅತ್ಯಲ್ಪ ಪ್ರತಿರೋಧ ತೋರಿಸಬೇಕು. ಕನೆಕ್ಟರನ್ನು ಅಲುಗಾಡಿಸಿದಾಗ ಅಂಕಿ ಬದಲಾದರೆ ಬೆಸುಗೆ ಸಡಿಲವಾಗಿದೆ.
3. ದೂರದ ತುದಿಗೆ 50 ಓಮ್‌ನ ಡಮ್ಮಿ ಲೋಡ್ ಜೋಡಿಸಿ, ಎರಡೂ ತುದಿಗಳಲ್ಲಿ ಶಕ್ತಿಯನ್ನು ಅಳೆಯಬೇಕು. ಅರ್ಧ ಶಕ್ತಿ ಮಾತ್ರ ತಲುಪಿದರೆ ನಷ್ಟ 3 ಡೆಸಿಬೆಲ್. ಆ ಉದ್ದ ಮತ್ತು ಆವರ್ತನಕ್ಕೆ ತಯಾರಕರು ಸೂಚಿಸಿದ ನಷ್ಟದೊಂದಿಗೆ ಇದನ್ನು ಹೋಲಿಸಬೇಕು.
4. ಕೇಬಲ್ ಸರಿಯಿದ್ದರೆ ದೋಷ ಆಂಟೆನಾದಲ್ಲಿ ಅಥವಾ ಅದರ ಜೋಡಣೆಯಲ್ಲಿದೆ.

ಪರಿಹಾರ ಮತ್ತು ಮುನ್ನೆಚ್ಚರಿಕೆ

ಕಪ್ಪಾದ ಭಾಗವನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ ಹೊಸ ಕನೆಕ್ಟರ್ ಬೆಸೆಯಬೇಕು. ಕಪ್ಪು ಮುಗಿಯದಿದ್ದರೆ ಕೇಬಲನ್ನೇ ಬದಲಿಸಬೇಕು. ಹೊರಗಿನ ಜೋಡಣೆಗಳಿಗೆ ರಬ್ಬರ್ ವಾಷರ್ ಇರುವ ಎನ್-ಮಾದರಿ ಕನೆಕ್ಟರ್ ಉತ್ತಮ. ಅದರ ಮೇಲೆ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿದರೆ ಪದರಗಳು ಹೆಂಚಿನಂತೆ ನೀರನ್ನು ಹೊರಕ್ಕೆ ಜಾರಿಸುತ್ತವೆ. ಕೇಬಲ್ ಮನೆಯೊಳಗೆ ಬರುವ ಮುನ್ನ ಕೆಳಮುಖವಾಗಿ ಬಾಗಿದ್ದರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಗುಡುಗು ಮಿಂಚಿನ ವೇಳೆ ಹಾಗೂ ವಿದ್ಯುತ್ ತಂತಿಗಳ ಸಮೀಪ ಈ ಕೆಲಸ ಮಾಡಬಾರದು.

2004ರ ಸುನಾಮಿಯ ಸಂದರ್ಭದಲ್ಲಿ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳ ಸಂಪರ್ಕವನ್ನು ಕಾಯ್ದುಕೊಳ್ಳಲು ಹವ್ಯಾಸಿ ರೇಡಿಯೋ ನೆರವಾಯಿತು. ಅಂತಹ ಹೊತ್ತಿನಲ್ಲಿ ನಿಲಯ ಕೆಲಸಕ್ಕೆ ಬರಬೇಕಾದರೆ ಈ ಪರೀಕ್ಷೆಗಳು ಮಳೆಗಾಲಕ್ಕೆ ಮೊದಲೇ, ಮೇ ತಿಂಗಳಲ್ಲಿ ಮುಗಿದಿರಬೇಕು.