ಬ್ಯಾಟರಿ ಪಕ್ಕದ ಒಂದು ಗೇಣು

ಮಲೆನಾಡಿನ ಮಳೆಗಾಲದಲ್ಲಿ ಓಡಾಡುವ ಜೀಪು, ಬೊಲೆರೊ, ಥಾರ್‌ಗಳಿಗೆ ಕಂಪನಿ ಕೊಟ್ಟ ದೀಪ ಸಾಲದು ಎನ್ನುವವರು ಬಹಳ. ಮಂಜಿಗೆ ಒಂದು ಜೊತೆ ಹಳದಿ ದೀಪ, ಟೈರಿಗೆ ಗಾಳಿ ತುಂಬುವ ಕಂಪ್ರೆಸರ್, ಹಿಂದೊಂದು ಕೆಲಸದ ದೀಪ ಎಂದು ಒಂದೊಂದೇ ಸೇರಿ, ಕೊನೆಗೆ ಡ್ಯಾಶ್‌ಬೋರ್ಡಿಗೆ ಸಾಲು ಸ್ವಿಚ್ಚುಗಳ ಪ್ಯಾನೆಲ್ ಬರುತ್ತದೆ. ಕೊಳ್ಳುವವರು ತಲೆ ಕೆಡಿಸಿಕೊಳ್ಳುವುದೆಲ್ಲ ಅದರ ಬಗ್ಗೆಯೇ: ನೀಲಿ ಬೆಳಕೋ ಕೆಂಪೋ, ಆರು ಸ್ವಿಚ್ಚೋ ಎಂಟೋ. ಆದರೆ ಕೆಲಸ ಗಟ್ಟಿಯೋ ಜೊಳ್ಳೋ ಎಂದು ತೀರ್ಮಾನವಾಗುವುದು ಬಾನೆಟ್ ಕೆಳಗೆ, ಬ್ಯಾಟರಿಯ ಪಾಸಿಟಿವ್ ತುದಿಯಿಂದ ಹೊರಟ ವೈರಿನ ಮೊದಲ ಒಂದು ಗೇಣಿನಲ್ಲಿ. ಮುಖ್ಯ ಫ್ಯೂಸ್ ಆ ಗೇಣಿನೊಳಗೇ ಕೂರಬೇಕು.

12 ವೋಲ್ಟ್ ತಾನೆ, ಮುಟ್ಟಿದರೂ ಶಾಕ್ ಹೊಡೆಯುವುದಿಲ್ಲ, ಇಷ್ಟೆಲ್ಲ ಯಾಕೆ ಎನ್ನಬಹುದು. ಶಾಕ್ ಹೊಡೆಯದು, ನಿಜ. ಆದರೆ ಸ್ಟಾರ್ಟರ್ ತಿರುಗಿಸಲು ನೂರಾರು ಆಂಪ್ ಕೊಡಬಲ್ಲ ಬ್ಯಾಟರಿ, ವೈರು ಗಾಡಿಯ ಲೋಹದ ಮೈಗೆ ತಗುಲಿದಾಗಲೂ ಅದೇ ಧಾರಾಳ ತೋರಿಸುತ್ತದೆ. ತೆಳು ವೈರಿನ ಪ್ಲಾಸ್ಟಿಕ್ ಕರಗಿ ಹೊಗೆಯಾಡಲು ಕೆಲವೇ ಸೆಕೆಂಡು ಸಾಕು. ಹಾಗೆ ತಗುಲುವ ಜಾಗ ಸಾಮಾನ್ಯವಾಗಿ ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡು. ಅಲ್ಲಿ ಡ್ರಿಲ್ ಕೊರೆದ ತೂತಿಗೆ ರಬ್ಬರ್ ಬಳೆ ಕೂರಿಸದೆ ವೈರು ಎಳೆದರೆ, ಗಾಡಿಯ ನಡುಕಕ್ಕೆ ಉಜ್ಜಿ ಉಜ್ಜಿ ಮೇಲಿನ ಸಿಪ್ಪೆ ಸವೆದು ತಾಮ್ರ ಕಾಣತೊಡಗುತ್ತದೆ. ಬಳೆಯ ಬದಲು ಸುತ್ತಿದ ಇನ್ಸುಲೇಶನ್ ಟೇಪು ಎಂಜಿನ್ ಕಾವಿಗೆ ಅಂಟು ಬಿಟ್ಟು ಜಾರುತ್ತದೆ. ಫ್ಯೂಸ್ ಡ್ಯಾಶ್‌ಬೋರ್ಡಿನ ಹಿಂದಿದ್ದರೆ ತಗಡಿನ ಹತ್ತಿರ ಹರಿದ ಕರೆಂಟು ಅದರ ತನಕ ಬರುವುದೇ ಇಲ್ಲ, ಅದು ಸುಡುವುದೂ ಇಲ್ಲ. ಫ್ಯೂಸ್ ಕಾಯುವುದು ದೀಪವನ್ನಲ್ಲ, ವೈರನ್ನು. ಆದ್ದರಿಂದಲೇ 15 ಆಂಪಿನ ನೀಲಿ ಫ್ಯೂಸ್ ಪದೇ ಪದೇ ಸುಡುತ್ತದೆಂದು 30ರ ಹಸಿರು ಹಾಕುವುದೆಂದರೆ, ಸುಡುವ ಸರದಿಯನ್ನು ವೈರಿಗೆ ವಹಿಸಿದಂತೆ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಸ್ವಿಚ್ಚಿನ ಮೇಲೆ 20 ಆಂಪ್ ಎಂದು ಬರೆದಿದೆ, 55 ವಾಟಿನ ಎರಡು ಹ್ಯಾಲೊಜೆನ್ ದೀಪಕ್ಕೆ ಬೇಕಾದದ್ದು 9 ಆಂಪ್ ಚಿಲ್ಲರೆ, ಮತ್ತೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ರಿಲೇ ಯಾಕೆ? ಲೆಕ್ಕ ತಪ್ಪಿಲ್ಲ, ಅದರಲ್ಲಿ ಬಿಟ್ಟುಹೋದದ್ದು ದೂರ. ಬ್ಯಾಟರಿಯಿಂದ ಸ್ವಿಚ್ಚಿಗೆ ಹೋಗಿ ಮತ್ತೆ ಬಂಪರಿಗೆ ಬರಲು ಸುಮಾರು 4 ಮೀಟರ್ ವೈರು ಬೇಕು. ಒಂದು ಚದರ ಮಿಲಿಮೀಟರಿನ ವೈರಾದರೆ ದಾರಿಯಲ್ಲೇ 0.6 ವೋಲ್ಟಿನಷ್ಟು ಸೋರಿಹೋಗುತ್ತದೆ. ಹ್ಯಾಲೊಜೆನ್ ದೀಪಕ್ಕೆ ವೋಲ್ಟೇಜು ಶೇ 5ರಷ್ಟು ಇಳಿದರೆ ಬೆಳಕು ಶೇ 15ರಷ್ಟು ಕುಗ್ಗುತ್ತದೆ. ದುಡ್ಡು ಕೊಟ್ಟು ಹಾಕಿಸಿದ ಬೆಳಕಿನ ಒಂದು ಪಾಲು ವೈರು ಬಿಸಿ ಮಾಡಲು ಹೋಯಿತು. ಬಾನೆಟ್ ಕೆಳಗೆ ರಿಲೇ ಇಟ್ಟರೆ ದಪ್ಪ ವೈರು ಗಿಡ್ಡದಾಗುತ್ತದೆ: 30 ಎಂದು ಬರೆದ ಕಾಲಿಗೆ ಫ್ಯೂಸ್ ದಾಟಿ ಬಂದ ಬ್ಯಾಟರಿ ವೈರು, 87ಕ್ಕೆ ದೀಪ. 85 ಮತ್ತು 86ರ ನಡುವಿನ ಸುರುಳಿ ಕೇಳುವುದು ಕಾಲು ಆಂಪಿಗಿಂತಲೂ ಕಡಿಮೆ, ಅದನ್ನು ಸಣ್ಣ ಸ್ವಿಚ್ಚೂ ಹೊರುತ್ತದೆ. ಸ್ವಿಚ್ಚಿಗೆ ಕರೆಂಟನ್ನು ಇಗ್ನಿಷನ್ನಿನಿಂದ ಕೊಟ್ಟರೆ ಕೀಲಿ ತೆಗೆದೊಡನೆ ಎಲ್ಲವೂ ಆರುತ್ತದೆ, ಬೆಳಗ್ಗೆ ಗಾಡಿ ತಳ್ಳುವ ಪ್ರಮೇಯ ಬರುವುದಿಲ್ಲ. ಒಂದು ಸ್ವಿಚ್ಚು ಒತ್ತಿದರೆ ಇನ್ನೊಂದು ದೀಪ ಮಂಕಾಗುತ್ತಿದ್ದರೆ ಮೊದಲು ಅರ್ಥ್ ನೋಡಬೇಕು. ಬಣ್ಣ ಕೆರೆದು ಲೋಹ ತೋರಿಸದೆ, ಅದರ ಮೇಲೆಯೇ ಅರ್ಥ್ ವೈರಿನ ಬೋಲ್ಟ್ ಬಿಗಿದಿರುತ್ತಾರೆ.

ಹೆಡ್‌ಲೈಟಿನ ವೈರಿಗೇ ಕೂಡಿಸಿಬಿಟ್ಟರೆ ಪ್ಯಾನೆಲ್ಲೂ ಬೇಡ, ರಿಲೇಯೂ ಬೇಡ ಎಂಬ ಅಗ್ಗದ ದಾರಿ ಹಳೆಯ ಜೀಪಿನಲ್ಲಿ ಒಂದಷ್ಟು ದಿನ ನಡೆದೀತು. ಹೊಸ ಗಾಡಿಗಳಲ್ಲಿ ದೀಪದ ಕರೆಂಟನ್ನು ಕಂಪ್ಯೂಟರೇ ಅಳೆಯುತ್ತಿರುತ್ತದೆ. ಹೆಚ್ಚಿನ ಭಾರ ಕಂಡರೆ ದೋಷವೆಂದು ಆ ಸಾಲನ್ನೇ ಬಂದ್ ಮಾಡಬಹುದು. ಮೇಲಾಗಿ ಹೀಗೆ ಕೂಡಿಸಿದ ದೀಪಗಳು ಹೆಡ್‌ಲೈಟ್ ಹಾಕಿದ ಪ್ರತಿ ಸಲವೂ ಎದುರಿನವರ ಕಣ್ಣಿಗೆ ಹೊಡೆಯುತ್ತವೆ. ಕರ್ನಾಟಕ ಪೊಲೀಸರು 2024ರ ಜುಲೈನಲ್ಲಿ ಹೀಗೆ ಕಣ್ಣಿಗೆ ಹೊಡೆಯುವ ಎಲ್‌ಇಡಿ ದೀಪಗಳ ಮೇಲೆಯೇ ಕಾರ್ಯಾಚರಣೆ ಶುರು ಮಾಡಿದರು. ಪ್ರತ್ಯೇಕ ಸ್ವಿಚ್ಚಿಗೆ ಆ ಒಂದು ಕಾರಣವೇ ಸಾಕು.

ಈಗ ರಿಲೇ, ಫ್ಯೂಸ್ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿರುವ ರೆಡಿ ಕಿಟ್‌ಗಳು ಸಿಗುತ್ತವೆ, ನಾಲ್ಕು ಬೋಲ್ಟ್ ಬಿಗಿದರೆ ಮುಗಿಯಿತು ಎನ್ನುತ್ತಾರೆ ಅಂಗಡಿಯವರು. ವೈರು ಸಿಕ್ಕುಗಟ್ಟುವ ರಗಳೆ ಅವುಗಳಲ್ಲಿ ಕಡಿಮೆ, ಒಪ್ಪೋಣ. ಆದರೆ ಪೆಟ್ಟಿಗೆಯೊಳಗಿನ ಫ್ಯೂಸ್‌ಗಳು ಕಾಯುವುದು ಪೆಟ್ಟಿಗೆಯಿಂದ ಮುಂದಕ್ಕೆ ಹೋದ ವೈರುಗಳನ್ನು. ಬ್ಯಾಟರಿಯಿಂದ ಪೆಟ್ಟಿಗೆಗೆ ಬರುವ ದಪ್ಪ ಕೇಬಲ್ಲಿಗೆ ಬೇರೆಯೇ ಫ್ಯೂಸ್ ಬೇಕು. ಫಿಟ್ಟಿಂಗ್ ಮುಗಿದ ಮೇಲೆ ಬಾನೆಟ್ ಎತ್ತಿಸಿ ಮೊದಲು ಕೇಳಬೇಕಾದದ್ದು ಅದು ಎಲ್ಲಿದೆ ಎಂದು.