ಮನೆಮಾತಿಗೆ ಬೀಗ ಹಾಕಬೇಡಿ

‘ಮನೆಯಲ್ಲೂ ಇಂಗ್ಲಿಷ್‌ನಲ್ಲೇ ಮಾತಾಡಿಸಿ’ ಅಂತ ಮಗುವಿನ ಟೀಚರ್ ಹೇಳಿದ್ದಾರಾ? ನನಗೂ ಹೇಳಿದ್ದರು. ತಲೆಯಾಡಿಸಿ ಬಂದವಳೇ ನಮ್ಮ ಮನೆಯ ತುಳುವಿಗೆ ಬೀಗ ಹಾಕಿದೆ. ಎರಡು ವರ್ಷದ ನಂತರ ಊರಿಗೆ ಹೋದಾಗ ಅಮ್ಮ ಮೊಮ್ಮಗಳನ್ನು ಪಕ್ಕ ಕೂರಿಸಿಕೊಂಡು ತುಳುವಿನಲ್ಲಿ ಏನೋ ಕೇಳಿದರು. ಮಗಳು ನನ್ನ ಮುಖ ನೋಡಿದಳು. ಅಜ್ಜಿ-ಮೊಮ್ಮಗಳ ನಡುವೆ ನಾನು ದುಭಾಷಿ! ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಎರಡು ಮೂರು ಭಾಷೆ ಕಿವಿಗೆ ಬಿದ್ದರೆ ಮಗುವಿಗೆ ಗೊಂದಲವಾಗುತ್ತೆ ಅನ್ನೋದು ಬರೀ ಭಯ. ಒಂದೇ ಮಾತಿನಲ್ಲಿ ಎರಡು ಭಾಷೆ ಬೆರೆಸುವುದು ಸಹಜ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಇಬ್ಬರೂ ಜ್ಞಾನಪೀಠ ಪಡೆದದ್ದು ಕನ್ನಡ ಬರವಣಿಗೆಗೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ, ಸಾಧ್ಯವಾದ ಕಡೆ ಕನಿಷ್ಠ 5ನೇ ತರಗತಿವರೆಗೆ ಮನೆಮಾತಿನಲ್ಲೇ ಅಥವಾ ಸ್ಥಳೀಯ ಭಾಷೆಯಲ್ಲೇ ಕಲಿಸಿ ಎನ್ನುತ್ತದೆ.

ಹೀಗೆ ಮಾಡಿ ನೋಡಿ:

* ನೀವು ಮಗುವಿನ ಜೊತೆ ಮನೆಮಾತನ್ನೇ ಆಡಿ. ಇಂಗ್ಲಿಷನ್ನು ಶಾಲೆ ಕಲಿಸುತ್ತದೆ.

* ಮಗು ಇಂಗ್ಲಿಷ್‌ನಲ್ಲಿ ಉತ್ತರ ಕೊಟ್ಟರೆ ಗದರಬೇಡಿ. ಅದನ್ನೇ ನಿಮ್ಮ ಮಾತಲ್ಲಿ ಹೇಳಿ ಮುಂದುವರಿಸಿ.

* ಅಡುಗೆಮನೆಗೆ ಕರೆದು ಸೊಪ್ಪು ಬಿಡಿಸಲು ಕೊಡಿ. ಮಾತು ತಾನಾಗಿ ಬರುತ್ತೆ.

* ವಾರಕ್ಕೆರಡು ಸಲ ಅಜ್ಜಿ-ತಾತನಿಗೆ ಫೋನ್ ಮಾಡಿಸಿ. ತಪ್ಪಾಡಿದರೆ ನಗಬೇಡಿ.

* ಯಾವ ಭಾಷೆಯಲ್ಲೂ ಮಾತು ಬರುತ್ತಿಲ್ಲವೆಂದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ. ಭಾಷೆ ಹೆಚ್ಚಾಯಿತೆಂದು ಸುಮ್ಮನಿರಬೇಡಿ.

ಈಗ ನನ್ನ ಮಗಳು ಫೋನಿನಲ್ಲಿ ‘ಒಣಸ್ ಆಂಡಾ?’ ಅಂತಾಳೆ. ಊಟ ಆಯ್ತಾ ಅಂತ. ಆಮೇಲೆ ಅಜ್ಜಿ ಹೇಳೋದು ಅರ್ಧ ಅರ್ಥವಾಗಲ್ಲ. ಆದರೂ ಮೊದಲಿನಂತೆ ಫೋನನ್ನು ನನ್ನ ಕೈಗೆ ಕೊಡಲ್ಲ!