ಕುಣಿಯ ಅಡಿಗೆ ಒಲೆಯ ಮೇಲೆ

ಅಡಿಗೆಯ ವಿಷಯವು ಕಾಲೇಜಿನ ವಾರ್ಷಿಕ ಸಂಚಿಕೆಗೆ ತಕ್ಕದ್ದೇ ಎಂದು ಕೆಲವರು ಕೇಳಬಹುದು. ಆದರೆ ಒಂದು ಜನಾಂಗವು ಏನನ್ನು ಉಣ್ಣುತ್ತದೆ, ಯಾರೊಡನೆ ಕೂತು ಉಣ್ಣುತ್ತದೆ ಎಂಬುದರಲ್ಲಿ ಅದರ ಇತಿಹಾಸದ ಬಹುಭಾಗವು ಅಡಗಿರುವದು. ಶಾಂತಸಾಗರದ ಹವಾಯಿ ದ್ವೀಪಗಳಲ್ಲಿ ಹಂದಿಯ ಮಾಂಸ ಮತ್ತು ಎಲೆಕೋಸು ಸೇರಿಸಿ ಮಾಡುವ 'ಕಾಲೂವಾ' ಎಂಬ ಅಡಿಗೆಯು ಇದಕ್ಕೆ ಒಳ್ಳೆಯ ದೃಷ್ಟಾಂತ. ಈ ಮಾಂಸವನ್ನು ನಮ್ಮಲ್ಲಿ ಉಣ್ಣುವವರೂ ಉಂಟು, ಮುಟ್ಟದವರೂ ಉಂಟು. ಕೊಡಗಿನಲ್ಲಿ ಪಂದಿಕರಿಯು ಹಬ್ಬದ ಊಟ. ಬೆಳಗಾವಿ, ಖಾನಾಪುರಗಳ ಗೋವಾ ಮೂಲದ ಕ್ರೈಸ್ತ ಮನೆಗಳಲ್ಲಿ ಸೊರಪತೇಲ್, ವಿಂದಾಲೂ ಪರಿಚಿತ. ಉಣ್ಣದವರು ತಿಳಿವಳಿಕೆಗಾಗಿ ಓದಬಹುದು.

ಹವಾಯಿ ಭಾಷೆಯಲ್ಲಿ 'ಲುವಾ' ಎಂದರೆ ಕುಣಿ. ನೆಲದಲ್ಲಿ ಕುಣಿ ತೋಡಿ, ಕಟ್ಟಿಗೆಯ ಬೆಂಕಿಯಲ್ಲಿ ಜ್ವಾಲಾಮುಖಿಯ ಕರಿಕಲ್ಲುಗಳನ್ನು ಕೆಂಪಗೆ ಕಾಯಿಸುತ್ತಾರೆ. ಅವುಗಳ ಮೇಲೆ ಸೀಳಿದ ಬಾಳೆಯ ದಿಂಡನ್ನೂ ಎಲೆಗಳನ್ನೂ ಹಾಸಿ, ಉಪ್ಪು ಸವರಿದ ಇಡೀ ಹಂದಿಯನ್ನು ಇಟ್ಟು, ಮತ್ತೆ ಎಲೆಗಳಿಂದ ಮುಚ್ಚಿ ಮಣ್ಣು ಎಳೆಯುತ್ತಾರೆ. ಬಾಳೆಯ ದಿಂಡಿನ ನೀರು ಉಗಿಯಾಗುವದು. ಆ ಉಗಿಯಲ್ಲಿ ಮಾಂಸವು ಹಲವು ತಾಸು ನಿಧಾನವಾಗಿ ಬೇಯುವದು. ಮಸಾಲೆ ಏನೂ ಇಲ್ಲ. ರುಚಿಯೆಲ್ಲ ಉಪ್ಪಿನದು, ಹೊಗೆಯದು.

ಹವಾಯಿಯ ಮೂಲ ಜನರು ಸುಮಾರು ಸಾವಿರ ವರ್ಷಗಳ ಹಿಂದೆ ದೋಣಿಗಳಲ್ಲಿ ಅಲ್ಲಿಗೆ ಬಂದರು. ಅವರು ಸಂಗಡ ತಂದ ಹಂದಿ, ಬಾಳೆ, ತೆಂಗು, ಅರಿಷಿಣ, ಕೆಸುಗಳ ಯಾದಿಯನ್ನು ನೋಡಿದರೆ ಖಾನಾಪುರದ ಮಳೆನಾಡಿನ ಹಿತ್ತಲೇ ನೆನಪಾಗುವದು. ಅವರ ಔತಣಕ್ಕೆ 'ಲುವಾವು' ಎಂಬ ಹೆಸರು ಬಂದದ್ದು ಎಳೆಯ ಕೆಸುವಿನೆಲೆಯಿಂದ. ನಾವು ಪತ್ರೊಡೆ ಮಾಡುವದೂ ಅದೇ ಎಲೆಯಿಂದಲೇ. ಎಲೆಕೋಸು ಮಾತ್ರ ತಡವಾಗಿ ಬಂದ ಅತಿಥಿ. 1778ರಲ್ಲಿ ಕ್ಯಾಪ್ಟನ್ ಕುಕ್ ಆ ದ್ವೀಪಗಳನ್ನು ಕಂಡ ಬಳಿಕ ಪರದೇಶದವರೊಡನೆ ಅದು ಅಲ್ಲಿಗೆ ಹೋಯಿತು. ನಮಗೂ ಅದು ಯುರೋಪಿಯನ್ನರ ಕೊಡುಗೆಯೇ. ಬೆಳಗಾವಿಯ ಪೇಟೆಯಲ್ಲಿ ಕೇಳಿಬರುವ 'ಕೋಬಿ' ಎಂಬ ಹೆಸರು ಪೋರ್ತುಗೀಜರ ಮಾತಿನಿಂದ ಬಂದದ್ದು.

ಇನ್ನು ಮನೆಯಲ್ಲಿ ಮಾಡುವ ರೀತಿ. ಸಾಕಿದ ಹಂದಿಯ ಮುಂಗಾಲಿನ ಮೇಲ್ಭಾಗದ, ಕೊಬ್ಬಿರುವ ಮಾಂಸ 1 ಕಿಲೋ ಬೇಕು. (ಕಾಡುಹಂದಿಯ ಬೇಟೆಯು 1972ರ ವನ್ಯಜೀವಿ ಕಾಯ್ದೆಯಂತೆ ನಿಷಿದ್ಧವೆಂಬುದನ್ನು ಮರೆಯಬಾರದು.) ಸುಮಾರು 15 ಗ್ರಾಂ ಹರಳುಪ್ಪು ತಿಕ್ಕಿ, ಬಾಡಿಸಿದ ಬಾಳೆಯೆಲೆಯಲ್ಲಿ ಸುತ್ತಿ, ದಪ್ಪ ತಳದ ಪಾತ್ರೆಯಲ್ಲಿ ಎರಡು ಬಟ್ಟಲು ನೀರಿನೊಡನೆ ಇಟ್ಟು, ಬಿಗಿಯಾಗಿ ಮುಚ್ಚಿ, ಸಣ್ಣ ಉರಿಯಲ್ಲಿ ನಾಲ್ಕು ತಾಸು ಬೇಯಿಸಬೇಕು. ನೀರು ಇಂಗಿದರೆ ಮತ್ತೆ ಹಾಕಬೇಕು. ಕುಕ್ಕರಿನಲ್ಲಾದರೆ ಒಂದು ತಾಸು ಸಾಕು. ಈ ಭಾಗದ ಮಾಂಸದಲ್ಲಿ ಬಿರುಸಾದ ನಾರುಜಾಲವಿರುವದು. ಅದು ಬಹಳ ಹೊತ್ತಿನ ಶಾಖಕ್ಕೆ ಮಾತ್ರ ಕರಗಿ ಅಂಟಾದ ರಸವಾಗುವದು. ಅವಸರದ ದೊಡ್ಡ ಉರಿಯಿಂದ ಮಾಂಸವು ಒಣಗುವದೇ ಹೊರತು ಮೆತ್ತಗಾಗದು.

ಬೆಂದ ಮಾಂಸವನ್ನು ಎಳೆಎಳೆಯಾಗಿ ಬಿಡಿಸಿ, ನಡುವೆ ಚಿಕ್ಕ ಬಟ್ಟಲಲ್ಲಿ ಕೆಂಡವಿಟ್ಟು, ಅದರ ಮೇಲೆ ಒಂದು ಚಮಚ ಕೊಬ್ಬು ಹನಿಸಿ ಐದು ನಿಮಿಷ ಮುಚ್ಚಿದರೆ ಕುಣಿಯ ಹೊಗೆಯ ವಾಸನೆ ಬರುವದು. ಹವಾಯಿಯ ಮನೆಗಳಲ್ಲಿ ಇದಕ್ಕೆ ಶೀಶೆಯಲ್ಲಿ ಸಿಗುವ ಹೊಗೆಯ ಅರ್ಕವನ್ನು ಬಳಸುತ್ತಾರೆ. ಬಳಿಕ ಮುಕ್ಕಾಲು ಕಿಲೋ ಎಲೆಕೋಸನ್ನು ಅಗಲವಾಗಿ ಹೆಚ್ಚಿ, ಮಾಂಸದ ರಸದಲ್ಲಿ ಎಂಟು-ಹತ್ತು ನಿಮಿಷ ಬೇಯಿಸಿ ಮಾಂಸವನ್ನು ಕೂಡಿಸಬೇಕು. ಹೆಚ್ಚು ಹೊತ್ತು ಬೆಂದರೆ ಕೋಸಿನಿಂದ ಗಂಧಕದ ಕೆಟ್ಟ ವಾಸನೆ ಹೊರಡುವದು. ಬಿಸಿ ಅನ್ನದೊಡನೆ ಇದನ್ನು ಉಣ್ಣುತ್ತಾರೆ.

ಇಲ್ಲೊಂದು ಆರೋಗ್ಯದ ಮಾತನ್ನು ಹೇಳಲೇಬೇಕು. ಅರೆಬೆಂದ ಹಂದಿಮಾಂಸದಲ್ಲಿ ಲಾಡಿಹುಳುವಿನ ಮರಿಗಳಿದ್ದರೆ ಅವು ನಮ್ಮ ಕರುಳಿನಲ್ಲಿ ಹುಳುವಾಗಿ ಬೆಳೆಯುವವು. ಚೆನ್ನಾಗಿ ಬೇಯಿಸಿದರೆ ಆ ಭಯವಿಲ್ಲ. ಆದರೆ ಮೆದುಳಿಗೆ ಸೇರಿ ಮೂರ್ಛೆರೋಗ ತರುವ ಗಂಟುಗಳು ಮಾಂಸದಿಂದ ನೇರವಾಗಿ ಬರುವವಲ್ಲ. ಹುಳುವಿರುವ ಮನುಷ್ಯನ ಮಲದೊಡನೆ ಹೊರಬಿದ್ದ ತತ್ತಿಗಳು ನೀರು, ಕಾಯಿಪಲ್ಲೆ, ತೊಳೆಯದ ಕೈಗಳ ಮೂಲಕ ನಮ್ಮ ಹೊಟ್ಟೆಗೆ ಹೋದಾಗ ಬರುವವು. ಆದ್ದರಿಂದಲೇ ಹಂದಿಮಾಂಸವನ್ನು ಕಣ್ಣಿನಿಂದಲೂ ನೋಡದ ಶಾಕಾಹಾರಿಗೆ ಈ ರೋಗ ತಗಲಬಹುದು. ಈ ಅಡಿಗೆಯಲ್ಲಿ ಮಾಂಸಕ್ಕಿಂತ ಕೋಸನ್ನೇ ಹೆಚ್ಚು ಎಚ್ಚರದಿಂದ ತೊಳೆಯಬೇಕೆಂದರೆ ಅತಿಶಯೋಕ್ತಿಯಲ್ಲ. ಊರಿಗೆ ಊರೇ ಪಾಯಖಾನೆಗಳನ್ನು ಬಳಸುವದು ಎಲ್ಲಕ್ಕಿಂತ ದೊಡ್ಡ ಮದ್ದು.

ಕೊನೆಯದಾಗಿ ಪಂಕ್ತಿಯ ಮಾತು. ಹಳೆಯ ಹವಾಯಿಯಲ್ಲಿ ಹೆಂಗಸರು ಗಂಡಸರೊಡನೆ ಕೂತು ಉಣ್ಣುವಂತಿರಲಿಲ್ಲ. ಹಂದಿಯ ಮಾಂಸ, ತೆಂಗು, ಬಹುತೇಕ ಬಾಳೆಹಣ್ಣುಗಳೂ ಅವರಿಗೆ ನಿಷಿದ್ಧವಾಗಿದ್ದವು. ಈ ಕಟ್ಟಳೆಯನ್ನು ಮುರಿದವರಿಗೆ ಮರಣದಂಡನೆಯೂ ಉಂಟಾಗಬಹುದಿತ್ತು. 1819ರಲ್ಲಿ ತರುಣ ಅರಸ ಲಿಹೋಲಿಹೋ, ಹಿರಿಯ ರಾಣಿಯರಾದ ಕಾಹುಮಾನು ಮತ್ತು ಕೆಯೊಪುವೊಲಾನಿಯರ ಒತ್ತಾಯದಂತೆ, ಒಂದು ಔತಣದಲ್ಲಿ ಎಲ್ಲರ ಕಣ್ಣೆದುರು ಹೆಂಗಸರ ಪಂಕ್ತಿಗೆ ಹೋಗಿ ಕೂತು ಉಂಡನು. ಕಟ್ಟಳೆಯು ಅಂದೇ ಮುರಿಯಿತು. ಗಂಡಸರು ಮೊದಲು ಉಂಡು, ಅಟ್ಟವರು ಉಳಿದದ್ದನ್ನು ಉಣ್ಣುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಏನನ್ನು ಅಟ್ಟರೂ, ಅಟ್ಟ ಕೈಗಳಿಗೆ ಅದೇ ಪಂಕ್ತಿಯಲ್ಲಿ ಒಂದು ಎಲೆ ಹಾಕುವದು ಕಷ್ಟವೇನಲ್ಲ.